ಅಡಿಪಾಯದ ಪಾಠ

ಆಶಯ: ಮನೆಯ ಚೆಲುವನ್ನು ನಾವು ಅದರ ಗೋಡೆ, ಬಾಗಿಲು, ಬಣ್ಣಗಳಲ್ಲಿ ಕಾಣುತ್ತೇವೆ. ಅವೆಲ್ಲವನ್ನೂ ಹೊತ್ತು ನಿಂತಿರುವ ಅಡಿಪಾಯ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಾಣದ ಭಾಗವನ್ನು ಕಡೆಗಣಿಸಿದರೆ ಕಾಣುವ ಭಾಗಕ್ಕೆ ಬರುವ ಕೇಡು ಎಂತಹುದು, ಅದನ್ನು ಗುರುತಿಸುವ ಬಗೆ ಯಾವುದು, ಸರಿಪಡಿಸುವ ದಾರಿ ಯಾವುದು ಎಂಬುದನ್ನು ಲೇಖಕರು ತಮ್ಮ ಸ್ವಂತ ಅನುಭವದ ಮೂಲಕ ಈ ಪಾಠದಲ್ಲಿ ತಿಳಿಸಿದ್ದಾರೆ.

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ನೀವೆಲ್ಲರೂ ಕೇಳಿರುತ್ತೀರಿ. ಈ ಎರಡು ಕಾರ್ಯಗಳಲ್ಲಿ ಮನುಷ್ಯನ ಹಣ, ತಾಳ್ಮೆ, ವಿವೇಕಗಳೆಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ ಎಂಬುದು ಅದರ ಅಭಿಪ್ರಾಯ. ಮದುವೆಯ ಮಾತು ಹಾಗಿರಲಿ; ಮನೆ ಕಟ್ಟುವ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾಗಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದ ನಾನು, ನನಗೆ ನಾನೇ ಸೊನ್ನೆ ಹಾಕಿಕೊಂಡ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ. ಮುಂದೆ ನೀವೂ ಮನೆ ಕಟ್ಟುವವರು. ಆದುದರಿಂದ ಈ ಕಥೆಯನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.

1994ನೆಯ ಇಸವಿ. ಈಗಿನ ಗದಗ ಜಿಲ್ಲೆಗೆ ಸೇರಿದ ಎರೆಸೀಮೆಯ ಒಂದು ಊರಿನಲ್ಲಿ ನಾನು ಉಪಾಧ್ಯಾಯನಾಗಿದ್ದೆ. ಊರ ಹೊರಗೆ ಒಂದು ನಿವೇಶನ ಕೊಂಡು, ಸಾಲ ಮಾಡಿ, ಮನೆ ಕಟ್ಟಿಸಲು ತೊಡಗಿದೆ. ಕೆಲಸ ವಹಿಸಿಕೊಂಡವರು ನಮ್ಮ ಓಣಿಯ ಹಿರಿಯ ಗೌಂಡಿಯವರು. ಅವರನ್ನು ಎಲ್ಲರೂ ‘ಗೌಂಡಿ ಕಾಕಾ’ ಎಂದೇ ಕರೆಯುತ್ತಿದ್ದರು. ಶಾಲೆಯ ಮೆಟ್ಟಿಲನ್ನು ಕಟ್ಟಿದವರೇ ಹೊರತು ಅದನ್ನು ಹತ್ತಿದವರಲ್ಲ. ಆದರೆ ಮಣ್ಣನ್ನು ಅಂಗೈಯಲ್ಲಿ ಹಿಡಿದು ಹಿಸುಕಿ ಅದರ ಗುಣ ಹೇಳಬಲ್ಲವರಾಗಿದ್ದರು. ಅಡಿಪಾಯಕ್ಕೆ ಕಂದಕ ತೋಡುವ ದಿನ ಅವರು ನನ್ನನ್ನು ಹತ್ತಿರ ಕರೆದು ಹೀಗೆಂದರು:

“ಮಾಸ್ತರ, ಎರಿಭೂಮಿ ನಂಬಬ್ಯಾಡ್ರಿ. ಗರಸು ಹತ್ತೂತನಕ ಹೋಗೂಣು. ಏಳಡಿ ಆದ್ರೂ ಆಗಲಿ.”

ಏಳು ಅಡಿಯ ಕಂದಕವೆಂದರೆ ಎಷ್ಟು ಕಲ್ಲು, ಎಷ್ಟು ಕೂಲಿ! ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮಣ್ಣಿನಲ್ಲಿ ಹೂತುಹೋಗುವ ಕಲ್ಲಿಗೆ ಇಷ್ಟು ಹಣವೇಕೆ ಎನಿಸಿತು. “ಕಾಕಾ, ನಾಲ್ಕು ಅಡಿ ಸಾಕು. ಎರಡು ಕೋಣೆಯ ಮನೆಗೆ ಕೋಟೆಯ ಪಾಯ ಬೇಡ” ಎಂದೆ. ಅವರು ಎರಡನೆಯ ಸಲವೂ ಹೇಳಿದರು. ನಾನು ಎರಡನೆಯ ಸಲವೂ ಕೇಳಲಿಲ್ಲ. ಉಳಿದ ಹಣದಲ್ಲಿ ಮನೆಯ ಮುಂದೆ ಎರಡು ಅಲಂಕಾರದ ಕಂಬಗಳನ್ನು ನಿಲ್ಲಿಸಿದೆ. ಗೃಹಪ್ರವೇಶಕ್ಕೆ ಬಂದ ನೆಂಟರಿಷ್ಟರೆಲ್ಲ ಆ ಕಂಬಗಳನ್ನು ಹೊಗಳಿದರು. ಅಡಿಪಾಯ ಎಷ್ಟು ಆಳವಿದೆಯೆಂದು ಒಬ್ಬರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇಲ್ಲವಷ್ಟೆ!

ಎರಡು ವರ್ಷ ಮನೆ ಸುಮ್ಮನಿತ್ತು. 1996ರ ಬೇಸಗೆಯಲ್ಲಿ ಹಿಂದಿನ ಕೋಣೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತು. ಅದು ನಮ್ಮ ಅವ್ವ ಮಲಗುತ್ತಿದ್ದ ಕೋಣೆ. ನಾನು ಸಿಮೆಂಟು ಕಲಸಿ ಬಿರುಕಿಗೆ ತುಂಬಿ, ಮೇಲೆ ಸುಣ್ಣ ಬಳಿದೆ. ಮಳೆಗಾಲ ಬಂದಿತು; ತುಂಬಿದ ಬಿರುಕಿನ ಪಕ್ಕದಲ್ಲಿ ಇನ್ನೊಂದು ಬಿರುಕು ಕಾಣಿಸಿತು. ಅದನ್ನೂ ತುಂಬಿದೆ. ಮರುವರ್ಷದ ಬೇಸಗೆಯ ಹೊತ್ತಿಗೆ ಆ ಸಂದಿನಲ್ಲಿ ನಾಣ್ಯದ ಅಂಚು ಸಲೀಸಾಗಿ ಹೋಗುವಂತಾಗಿತ್ತು. ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಅಗಳಿ ಬೀಳದಾಯಿತು. ಮುಂದಿನ ಪಡಸಾಲೆಯ ಕಾಂಕ್ರೀಟು ನೆಲವೂ ಒಂದು ಬದಿಗೆ ಎರಡು ಬೆರಳಿನಷ್ಟು ಕುಸಿದು, ಇರಿಚಲಿನ ನೀರು ಹೊರಕ್ಕೆ ಹರಿಯುವ ಬದಲು ಗೋಡೆಯ ಬುಡಕ್ಕೇ ಬಂದು ನಿಲ್ಲತೊಡಗಿತು. ನಾನು ಮತ್ತೆ ಸುಣ್ಣದ ಕುಂಚ ಹಿಡಿದಾಗ ಅವ್ವ ಅಂದಳು: “ತಮ್ಮಾ, ಗ್ವಾಡಿಗೆ ಬಣ್ಣಾ ಹಚ್ಚಿದರ ರೋಗ ಹೋಗೂದಿಲ್ಲೊ. ಕಾಕಾನ ಕರಿ.”

ಕರೆಯಲು ನನಗೆ ನಾಚಿಕೆ. ಯಾರ ಮಾತನ್ನು ತಳ್ಳಿಹಾಕಿದ್ದೆನೋ ಅವರ ಮುಂದೆಯೇ ಹೋಗಿ ನಿಲ್ಲುವುದು ಹೇಗೆ? ಹೀಗೆಯೇ ಎರಡು ತಿಂಗಳು ಕಳೆದೆ. ಒಂದು ರಾತ್ರಿ ಜೋರು ಮಳೆ ಹಿಡಿಯಿತು. ನಡುರಾತ್ರಿಯಲ್ಲಿ ಧೊಪ್ಪೆಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಗೋಡೆಯ ಗಿಲಾವಿನ ದೊಡ್ಡ ಹಳಕೊಂದು ಕಳಚಿ ಅವ್ವನ ತಲೆದಿಂಬಿನಿಂದ ಒಂದು ಗೇಣು ಈಚೆಗೆ ಬಿದ್ದಿತ್ತು. ಅವ್ವ ಎದ್ದು ಕುಳಿತಿದ್ದಳು; ಏನೂ ಅನ್ನಲಿಲ್ಲ. ಬೆಳಗಾಗುವುದನ್ನೇ ಕಾದು ನಾನು ಕಾಕಾನ ಮನೆಗೆ ಹೋದೆ.

ಅವರು “ನಾನು ಹೇಳಿರಲಿಲ್ಲವೆ?” ಎಂದು ಕೇಳುವರೆಂದುಕೊಂಡಿದ್ದೆ. ಅವರು ಕೇಳಲಿಲ್ಲ. ತೂಕದ ಗುಂಡು, ರಸಮಟ್ಟ, ಒಂದು ಹಾರೆ ಇವಿಷ್ಟನ್ನು ತೆಗೆದುಕೊಂಡು ನನ್ನೊಡನೆ ಹೊರಟರು. ಮನೆಯನ್ನು ಅವರು ಪರೀಕ್ಷಿಸಿದ ಕ್ರಮ ಒಳ್ಳೆಯ ವೈದ್ಯನೊಬ್ಬನು ರೋಗಿಯನ್ನು ಪರೀಕ್ಷಿಸುವ ಕ್ರಮದಂತಿತ್ತು. ಆ ಕ್ರಮವನ್ನು ನೀವೂ ತಿಳಿದಿರಬೇಕು.

ಮೊದಲು ಅವರು ಬಿರುಕನ್ನು ನೋಡಲೇ ಇಲ್ಲ. ಮನೆಯ ಸುತ್ತ ಒಂದು ಸುತ್ತು ಬಂದರು. ಬಚ್ಚಲಿನ ನೀರು ಎಲ್ಲಿ ಹೋಗುತ್ತದೆ, ಮಾಳಿಗೆಯ ಮಳೆನೀರು ಎಲ್ಲಿ ಬೀಳುತ್ತದೆ, ಗೋಡೆಯ ಬುಡದ ನೆಲ ಹೊರಕ್ಕೆ ಇಳಿಜಾರಾಗಿದೆಯೇ ಒಳಕ್ಕೆ ಇಳಿಜಾರಾಗಿದೆಯೇ, ಹತ್ತಿರದಲ್ಲಿ ದೊಡ್ಡ ಮರಗಳಿವೆಯೇ ಎಂಬುದನ್ನು ನೋಡಿದರು. ನಮ್ಮ ಬಚ್ಚಲಿನ ಗಟಾರು ಒಡೆದು, ನೀರು ಹಿಂದಿನ ಗೋಡೆಯ ನಡುವಿನ ಬುಡದಲ್ಲೇ ಇಂಗುತ್ತಿತ್ತು. ಅದೇ ಗೋಡೆಯ ಕೊನೆಯ ಮೂಲೆಯಲ್ಲಿ, ಐದಾರು ಅಡಿ ದೂರದಲ್ಲಿ, ನಾನೇ ನೆಟ್ಟ ಬೇವಿನ ಮರ ಬೆಳೆದು ನೆಲದ ಪಸೆಯನ್ನು ಹೀರುತ್ತಿತ್ತು. ಒಂದೇ ಗೋಡೆಯ ಒಂದು ಭಾಗಕ್ಕೆ ಸದಾ ನೀರು, ಇನ್ನೊಂದು ಭಾಗಕ್ಕೆ ಸದಾ ಬಾಯಾರಿಕೆ! ಕಾಕಾ ನಕ್ಕು, “ಅರ್ಧಾ ರೋಗ ಇಲ್ಲೇ ಸಿಕ್ಕಿತ್ರಿ” ಎಂದರು.

ಆ ಬಳಿಕ ಬಿರುಕಿನ ಕಡೆ ತಿರುಗಿದರು. ಎಲ್ಲ ಬಿರುಕುಗಳೂ ಅಪಾಯಕರವಲ್ಲ. ಹೊಸ ಗಿಲಾವು ಒಣಗುವಾಗ ಕೂದಲೆಳೆಯಂತಹ ಗೀರುಗಳು ಮೂಡುವುದು ಸಹಜ, ಅವುಗಳಿಗೆ ಅಂಜಬೇಕಾಗಿಲ್ಲ. ಆದರೆ ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು, ಇಟ್ಟಿಗೆಯ ಸಂದುಗಳ ಗುಂಟ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು, ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ ಬಿರುಕು ಇವು ನೆಲ ಅಲುಗಿದುದರ ಗುರುತುಗಳು. ಬಿರುಕಿನ ಆಕಾರವೂ ಮಾತನಾಡುತ್ತದೆ. ಅದು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಗೋಡೆಯ ತುದಿಯು ಕುಸಿದಿದೆಯೆಂದೂ, ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿದ್ದರೆ ಗೋಡೆಯ ನಡುಭಾಗ ಕುಸಿದಿದೆಯೆಂದೂ ಸಾಮಾನ್ಯವಾಗಿ ಊಹಿಸಬಹುದು. ನಮ್ಮ ಮನೆಯ ಬಿರುಕು ಮೇಲೆಯೇ ಅಗಲವಾಗಿತ್ತು. ಬೇವಿನ ಮರದ ಕಡೆಯ ಮೂಲೆ ಇಳಿದಿತ್ತು.

ಬಿರುಕು ನಿಂತಿದೆಯೋ ಇನ್ನೂ ಬೆಳೆಯುತ್ತಿದೆಯೋ ಎಂಬುದನ್ನು ತಿಳಿಯದೆ ಚಿಕಿತ್ಸೆ ಮಾಡಲಾಗದು. ಅದಕ್ಕೆ ಕಾಕಾ ಮಾಡಿದ ಉಪಾಯ ಬಹು ಸರಳ. ಬಿರುಕಿನ ಎರಡು ತುದಿಗಳಲ್ಲಿ ಸೀಸದ ಕಡ್ಡಿಯಿಂದ ಗೆರೆ ಎಳೆದು ದಿನಾಂಕ ಬರೆಯಲು ನನಗೆ ಹೇಳಿದರು. ಅಲ್ಲದೆ ಒಂದು ತೆಳುವಾದ ಗಾಜಿನ ಪಟ್ಟಿಯನ್ನು ಬಿರುಕಿನ ಮೇಲೆ ಅಡ್ಡಲಾಗಿಟ್ಟು, ಅದರ ಎರಡು ತುದಿಗಳನ್ನೂ ಸಿಮೆಂಟಿನಿಂದ ಗೋಡೆಗೆ ಅಂಟಿಸಿದರು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಸೀಳುತ್ತದೆ. ಗೋಡೆಯ ಮೇಲ್ತುದಿಯಿಂದ ತೂಕದ ಗುಂಡನ್ನು ಇಳಿಬಿಟ್ಟು ಗೋಡೆ ಎಷ್ಟು ವಾಲಿದೆಯೆಂದು ಅಳೆದರು. ನೀರು ತುಂಬಿದ ಕೊಳವೆಯಿಂದ ನೆಲದ ಮಟ್ಟವನ್ನು ಮೂಲೆಯಿಂದ ಮೂಲೆಗೆ ನೋಡಿದರು. ಕೊನೆಯದಾಗಿ ಗೋಡೆಯ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ತೋಡಿ ಅಡಿಪಾಯದ ತಳ ಎಲ್ಲಿದೆ, ಅದರ ಕೆಳಗಿನ ಮಣ್ಣು ಎಂತಹುದು ಎಂಬುದನ್ನು ಕಣ್ಣಾರೆ ಕಂಡರು. ಮೂರು ವಾರಗಳಲ್ಲಿ ಗಾಜಿನ ಪಟ್ಟಿ ಸೀಳಿತು. ಮನೆ ಇನ್ನೂ ನಡೆಯುತ್ತಿತ್ತು!

ಹೀಗೇಕೆ ಆಗುತ್ತದೆ? ಅಡಿಪಾಯದ ಕೆಲಸವೆಂದರೆ ಮನೆಯ ಭಾರವನ್ನು ಅಗಲವಾಗಿ ಹಂಚಿ, ಹೊರಬಲ್ಲ ನೆಲಕ್ಕೆ ಒಪ್ಪಿಸುವುದು. ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ನಿಂತರೆ ಕಾಲು ಹೂಳುತ್ತದೆ. ಹಲಗೆಯ ಮೇಲೆ ನಿಂತರೆ ಹೂಳುವುದಿಲ್ಲ. ಅಡಿಪಾಯವು ಗೋಡೆಗಿಂತ ಅಗಲವಾಗಿರುವುದು ಈ ಕಾರಣದಿಂದಲೇ. ಭಾರ ಬಿದ್ದಾಗ ಮಣ್ಣಿನ ಕಣಗಳ ನಡುವಿನ ನೀರು ಮೆಲ್ಲಮೆಲ್ಲನೆ ಹೊರಬಿದ್ದು ಮಣ್ಣು ಒತ್ತಿಕೊಳ್ಳುತ್ತದೆ. ಜೇಡಿಮಣ್ಣಿನಲ್ಲಿ ಇದಕ್ಕೆ ವರ್ಷಗಳೇ ಹಿಡಿಯಬಹುದು. ಈ ವಿಷಯವನ್ನು ಗಣಿತದ ನೆಲೆಗೆ ತಂದು, 1925ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದವನು ಕಾರ್ಲ್ ಟೆರ್ಜಾಗಿ ಎಂಬ ಇಂಜಿನಿಯರು. ಅವನನ್ನು ಮಣ್ಣಿನ ಬಲವಿಜ್ಞಾನದ ಪಿತಾಮಹನೆಂದು ಕರೆಯುತ್ತಾರೆ.

ಮನೆಯೆಲ್ಲವೂ ಒಂದೇ ಸಮನಾಗಿ ಒಂದು ಅಂಗುಲ ಇಳಿದರೆ ಕೇಡು ಅಷ್ಟಿಲ್ಲ. ಒಂದು ಮೂಲೆ ಇಳಿದು ಇನ್ನೊಂದು ಮೂಲೆ ನಿಂತರೆ ಕೇಡು. ನಾಲ್ಕು ಕಾಲುಗಳೂ ಸಮನಾಗಿ ಕುಳ್ಳಾದ ಮಂಚದಲ್ಲಿ ಮಲಗಬಹುದು. ಒಂದು ಕಾಲು ಮಾತ್ರ ಕುಳ್ಳಾದ ಮಂಚದಲ್ಲಿ ಮಲಗಲಾದೀತೆ? ಗೋಡೆಯು ಮಂಚದಂತೆ ವಾಲುವುದಿಲ್ಲ, ಬಾಗಲೂ ಅರಿಯದು. ಆದುದರಿಂದ ಅದು ಒಡೆಯುತ್ತದೆ.

ಎರೆಮಣ್ಣಿನ ಗುಣ ಇದಕ್ಕಿಂತಲೂ ವಿಚಿತ್ರವಾದುದು. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಗದಗ, ಧಾರವಾಡ ಮೊದಲಾದ ಜಿಲ್ಲೆಗಳಲ್ಲಿ ವಿಸ್ತಾರವಾಗಿ ಹರಡಿರುವ ಈ ಕಪ್ಪು ಮಣ್ಣು ಹೆಚ್ಚಾಗಿ ಬಸಾಲ್ಟ್ ಶಿಲೆ ಸವೆದು ಆದುದು. ಇದರಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜವಿದೆ. ಅದರ ಕಣಗಳು ತೆಳ್ಳಗಿನ ಹಾಳೆಗಳ ಅಟ್ಟಿಯಂತಿದ್ದು, ಹಾಳೆಗಳ ನಡುವೆ ನೀರು ಸೇರಿದರೆ ಉಬ್ಬುತ್ತವೆ. ನೀರು ಆರಿದರೆ ಕುಗ್ಗುತ್ತವೆ. ಬೇಸಗೆಯಲ್ಲಿ ಎರೆಹೊಲದಲ್ಲಿ ಕಾಲು ಸಿಕ್ಕುವಷ್ಟು ಅಗಲದ ಬಿರುಕುಗಳನ್ನು ನೀವು ಕಂಡಿರಬಹುದು. ಮಳೆಗಾಲದಲ್ಲಿ ಅವು ತಾವಾಗಿ ಮುಚ್ಚಿಕೊಳ್ಳುತ್ತವೆ. ಮಳೆಯ ತೇವವನ್ನು ಹಿಡಿದಿಟ್ಟು ಹಿಂಗಾರಿನ ಜೋಳ, ಕಡಲೆ, ಹತ್ತಿಗಳನ್ನು ಬೆಳೆಸುವ ಗುಣ ಯಾವುದೋ ಮನೆಯನ್ನು ಒಡೆಯುವ ಗುಣವೂ ಅದೇ. ಬೇಸಗೆಯಲ್ಲಿ ಬಾಯಿ ತೆರೆದ ಬಿರುಕಿಗೆ ನಾನು ಸಿಮೆಂಟು ತುಂಬಿದೆ; ಮಳೆಗಾಲದಲ್ಲಿ ಗೋಡೆ ತನ್ನ ಸ್ಥಾನಕ್ಕೆ ಮರಳಲು ಹೊರಟಾಗ ಸಿಮೆಂಟು ಅಡ್ಡವಾಯಿತು; ಗೋಡೆ ಪಕ್ಕದಲ್ಲಿ ಒಡೆಯಿತು. ನನ್ನ ಔಷಧವೇ ರೋಗವನ್ನು ಹೆಚ್ಚಿಸಿತ್ತು.

ಮೇಲಿನ ಪದರದ ತೇವ ಋತುವಿನಿಂದ ಋತುವಿಗೆ ಬದಲಾಗುತ್ತದೆ. ಆಳಕ್ಕೆ ಹೋದಂತೆ ಈ ಬದಲಾವಣೆ ಕಡಿಮೆಯಾಗುತ್ತದೆ. ಗರಸು ಹತ್ತುವವರೆಗೆ ಹೋಗಬೇಕೆಂದು ಕಾಕಾ ಹೇಳಿದುದರ ಮರ್ಮ ಇದು. ಗರಸು ಬಹಳ ಆಳದಲ್ಲಿದ್ದರೆ ಏನು ಮಾಡಬೇಕು? ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇದಕ್ಕೆ ಒಂದು ಪರಿಹಾರವನ್ನು ಬೆಳೆಸಿ ನಮ್ಮ ದೇಶದಲ್ಲಿ ಪ್ರಚಾರಕ್ಕೆ ತಂದಿತು. ನೆಲದಲ್ಲಿ ಸುಮಾರು ಮೂರೂವರೆ ಮೀಟರು ಅಥವಾ ಅದಕ್ಕೂ ಆಳವಾದ ಕಿರಿದಾದ ರಂಧ್ರ ಕೊರೆದು, ಅದರ ತಳವನ್ನು ವಿಶೇಷ ಸಲಕರಣೆಯಿಂದ ರಂಧ್ರದ ಎರಡೂವರೆ ಪಟ್ಟು ಅಗಲಿಸಿ, ಉಕ್ಕಿನ ಸರಳು ಇಳಿಸಿ ಕಾಂಕ್ರೀಟು ತುಂಬುತ್ತಾರೆ. ತಲೆಕೆಳಗಾದ ಗಂಟೆಹೂವಿನಂತೆ ಬುಡ ಅಗಲವಾದ ಈ ಕಂಬಗಳ ಮೇಲೆ ತೊಲೆಗಳನ್ನು ಹಾಕಿ ಮನೆ ಕಟ್ಟಿದರೆ, ಮೇಲಿನ ಮಣ್ಣು ಉಬ್ಬಿದರೂ ಕುಗ್ಗಿದರೂ ಮನೆಗೆ ಬಾಧೆ ತಟ್ಟುವುದು ಕಡಿಮೆ.

ಇನ್ನು ನಮ್ಮ ಮನೆಯ ಚಿಕಿತ್ಸೆಗೆ ಬರೋಣ. ಕಾಕಾ ಒಬ್ಬ ಇಂಜಿನಿಯರರನ್ನೂ ಕರೆತಂದು ತೋರಿಸಿದರು. “ಕಣ್ಣು ನಂದು, ಲೆಕ್ಕಾ ಅವರದು ಇರ್ಲಿ” ಎಂಬುದು ಅವರ ಮಾತು. ಮೊದಲ ಕೆಲಸ ಅಡಿಪಾಯದ್ದಲ್ಲ, ನೀರಿನದು. ಬಚ್ಚಲಿನ ಗಟಾರನ್ನು ಕಿತ್ತು ಹೊಸ ಕೊಳವೆಯಿಂದ ನೀರನ್ನು ದೂರ ಸಾಗಿಸಿದರು. ಮಾಳಿಗೆಯ ನೀರಿಗೂ ಹಾಗೆಯೇ ದಾರಿ ಮಾಡಿದರು. ಮನೆಯ ಸುತ್ತ ಮೂರು ಅಡಿ ಅಗಲಕ್ಕೆ ಹೊರಗಡೆ ಇಳಿಜಾರಾಗಿ ಕಾಂಕ್ರೀಟಿನ ಪಟ್ಟಿ ಹಾಸಲು ಗುರುತು ಮಾಡಿದರು. ಬೇವಿನ ಮರವನ್ನು ಕಡಿಯಬೇಕಾಯಿತು. ಅದಕ್ಕೆ ಬದಲಾಗಿ ಅವ್ವ ಹಿತ್ತಲಿನ ತುದಿಯಲ್ಲಿ, ಮನೆಯಿಂದ ಬಹು ದೂರದಲ್ಲಿ, ಬೇರೊಂದು ಸಸಿಯನ್ನು ನೆಟ್ಟಳು.

ಕುಸಿದ ಮೂಲೆಗೆ ಹೊಸ ಪಾದ ಕೊಡುವುದು ಎರಡನೆಯ ಕೆಲಸ. ನಿಂತ ಗೋಡೆಯ ಕೆಳಗೆ ಅಗೆಯುವುದೆಂದರೆ ನಿದ್ರಿಸುತ್ತಿರುವವನ ಕೆಳಗಿನಿಂದ ಚಾಪೆ ಬದಲಿಸಿದಂತೆ. ಗೋಡೆಗೆ ಮರದ ಊರೆಗೋಲುಗಳನ್ನು ಕೊಟ್ಟು, ಅಡಿಪಾಯದ ಉದ್ದವನ್ನು ಮೂರು ನಾಲ್ಕು ಅಡಿಗಳ ತುಂಡುಗಳಾಗಿ ಗುರುತಿಸಿದರು. ಎಲ್ಲವನ್ನೂ ಒಮ್ಮೆಗೇ ಅಗೆಯುವುದಿಲ್ಲ. ಮೊದಲನೆಯ ತುಂಡಿನ ಕೆಳಗೆ ಗರಸಿನವರೆಗೆ ತೋಡಿ, ಕಾಂಕ್ರೀಟು ತುಂಬಿ, ಹಳೆಯ ಅಡಿಪಾಯದ ತಳಕ್ಕೂ ಹೊಸ ಕಾಂಕ್ರೀಟಿಗೂ ನಡುವೆ ಎರಡು ಮೂರು ಅಂಗುಲ ತೆರಪು ಬಿಡುತ್ತಾರೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಆ ತೆರಪಿಗೆ ಹೆಚ್ಚು ನೀರಿಲ್ಲದ ಬಿರುಸಾದ ಗಾರೆಯನ್ನು ಬಡಿದು ಬಡಿದು ತುಂಬುತ್ತಾರೆ. ಆಗ ಮಾತ್ರ ಗೋಡೆಯ ಭಾರ ಹೊಸ ಪಾದದ ಮೇಲೆ ಕೂಡುತ್ತದೆ. ಆಮೇಲೆ ಪಕ್ಕದ ತುಂಡನ್ನು ಬಿಟ್ಟು ಮೂರನೆಯದು. ಹೀಗೆ ಒಂದು ಬಿಟ್ಟು ಒಂದು. ಆತುರಪಟ್ಟು ಅಕ್ಕಪಕ್ಕದ ತುಂಡುಗಳನ್ನು ಒಟ್ಟಿಗೆ ತೋಡಿದರೆ ಗೋಡೆಯೇ ಕೆಳಗಿದ್ದವನ ಮೇಲೆ ಕೂಡುತ್ತದೆ. ನಮ್ಮ ಮನೆಯ ಒಂದು ಮೂಲೆಗೆ ಈ ಕೆಲಸ ಮುಗಿಯಲು ಎರಡು ತಿಂಗಳು ಹಿಡಿಯಿತು. ಇದನ್ನು ತಿಳಿದವರ ಮೇಲ್ವಿಚಾರಣೆಯಿಲ್ಲದೆ ಯಾರೂ ಮಾಡಬಾರದು.

ಪಡಸಾಲೆಯ ನೆಲ ಕುಸಿದುದರ ಕಾರಣ ಬೇರೆ. ಆ ನೆಲ ಅಡಿಪಾಯದ ಮೇಲೆ ನಿಂತುದಲ್ಲ. ಗೋಡೆಗಳ ನಡುವೆ ತುಂಬಿದ ಭರ್ತಿ ಮಣ್ಣಿನ ಮೇಲೆ ಹಾಸಿದ್ದು. ಭರ್ತಿ ಮಣ್ಣನ್ನು ಆರೇಳು ಅಂಗುಲದ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಿಮ್ಮಸಿನಿಂದ ಗಟ್ಟಿಸಬೇಕು. ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ನಾನು ಅವಸರಪಡಿಸಿದ್ದರಿಂದ ಮಣ್ಣನ್ನು ಒಂದೇ ಸಲ ಸುರಿದಿದ್ದರು. ಕಾಕಾ ಹಾರೆಯ ತುದಿಯಿಂದ ನೆಲವನ್ನು ತಟ್ಟಿದರು. ಕೆಲವೆಡೆ ಗಟ್ಟಿ ಸದ್ದು, ಕೆಲವೆಡೆ ಖಾಲಿ ಕೊಡದಂತೆ ಟೊಳ್ಳು ಸದ್ದು. ಟೊಳ್ಳು ಸದ್ದಿದ್ದಲ್ಲಿ ಮಣ್ಣು ಕೆಳಗಿಳಿದು ಕಾಂಕ್ರೀಟು ಅಂತರದಲ್ಲಿ ನಿಂತಿತ್ತು.

ಕುಸಿದ ಕಾಂಕ್ರೀಟು ಹಾಸು ಒಡೆದು ಚೂರಾಗಿರದಿದ್ದರೆ ಅದನ್ನು ಕಿತ್ತುಹಾಕದೆ ಮೇಲೆತ್ತಲು ಸಾಧ್ಯ. ಹಾಸಿನಲ್ಲಿ ಅಲ್ಲಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಸಿಮೆಂಟು, ನುಣ್ಣನೆಯ ಮರಳು ಅಥವಾ ಮಣ್ಣು, ನೀರು ಕಲಸಿದ ಅಂಬಲಿಯಂತಹ ದ್ರಾವಣವನ್ನು ಪಂಪಿನಿಂದ ಒತ್ತುತ್ತಾರೆ. ಅದು ಮೊದಲು ಟೊಳ್ಳನ್ನು ತುಂಬುತ್ತದೆ. ಬಳಿಕ ಹಾಸನ್ನು ನಿಧಾನವಾಗಿ ಮೇಲಕ್ಕೆ ದೂಡುತ್ತದೆ. ಇತ್ತೀಚೆಗೆ ದ್ರಾವಣಕ್ಕೆ ಬದಲು ಪಾಲಿಯುರಿಥೇನ್ ಎಂಬ ನೊರೆಯನ್ನು ಬಳಸುವುದೂ ಉಂಟು. ಅದು ಒಳಗೆ ಉಬ್ಬಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಹಗುರವೂ ಹೌದು. ಆದರೆ ನೀರಿನ ದಾರಿಯನ್ನು ಮೊದಲು ಸರಿಪಡಿಸದೆ ಎತ್ತಿದ ನೆಲ ಮತ್ತೆ ಕುಸಿಯುತ್ತದೆ. ನಮ್ಮ ಪಡಸಾಲೆಯ ನೆಲ ನಾಲ್ಕಾರು ಚೂರಾಗಿತ್ತು. ಆದುದರಿಂದ ಅದನ್ನು ಕಿತ್ತು, ಗರಸು ತುಂಬಿ ಗಟ್ಟಿಸಿ, ಹೊಸದಾಗಿ ಹಾಸಿದರು. ಒಟ್ಟು ಖರ್ಚು ನಾನು ಅಡಿಪಾಯದಲ್ಲಿ ಉಳಿಸಿದ ಹಣದ ನಾಲ್ಕು ಪಟ್ಟಾಯಿತು. ಭವಿಷ್ಯನಿಧಿಯಿಂದ ಸಾಲ ತೆಗೆದೆ.

ಇಂತಹ ತಪ್ಪು ನನ್ನಂತಹ ಬಡ ಉಪಾಧ್ಯಾಯನದು ಮಾತ್ರವಲ್ಲ. ಇಟಲಿ ದೇಶದ ಪೀಸಾ ನಗರದ ವಾಲುಗೋಪುರದ ಚಿತ್ರವನ್ನು ನೀವು ನೋಡಿರುತ್ತೀರಿ. 1173ರಲ್ಲಿ ಆ ಗೋಪುರದ ಕೆಲಸ ಆರಂಭವಾಯಿತು. ಕೆಳಗಿನದು ಮೆತ್ತನೆಯ ಜೇಡಿಮಣ್ಣು. ಅಡಿಪಾಯದ ಆಳವಾದರೋ ಸುಮಾರು ಮೂರು ಮೀಟರು. ಕೆಲವೇ ಅಂತಸ್ತುಗಳು ಏರುವಷ್ಟರಲ್ಲಿ ವಾಲತೊಡಗಿತು. 1934ರಲ್ಲಿ ಅಡಿಪಾಯಕ್ಕೆ ಸಿಮೆಂಟು ದ್ರಾವಣವನ್ನು ಒತ್ತಿ ಅದನ್ನು ಬಲಪಡಿಸಲು ಹೋದರು. ಗೋಪುರ ಇನ್ನಷ್ಟು ವಾಲಿತು. 1990ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಕೊನೆಗೆ ಜಾನ್ ಬರ್ಲೆಂಡ್ ಮೊದಲಾದ ತಜ್ಞರಿದ್ದ ಸಮಿತಿಯು ಹೊಸ ದಾರಿಯನ್ನು ಹಿಡಿಯಿತು. ಕುಸಿದ ದಕ್ಷಿಣ ಬದಿಗೆ ಏನನ್ನೂ ಸೇರಿಸದೆ, ಕುಸಿಯದ ಉತ್ತರ ಬದಿಯ ಕೆಳಗಿನಿಂದ ಸ್ವಲ್ಪ ಸ್ವಲ್ಪವಾಗಿ ಮಣ್ಣನ್ನು ಹೊರತೆಗೆದರು. ಗೋಪುರ ತಾನಾಗಿ ಹಿಂದಕ್ಕೆ ಕುಳಿತು, ಅದರ ವಾಲಿಕೆ ಸುಮಾರು ಐದೂವರೆ ಡಿಗ್ರಿಯಿಂದ ನಾಲ್ಕು ಡಿಗ್ರಿಗೆ ಇಳಿಯಿತು. 2001ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ರೋಗವನ್ನು ಅರಿಯದೆ ಕೊಟ್ಟ ಮದ್ದು ಕೆಡಿಸಿತು. ಅರಿತು ಕೊಟ್ಟದ್ದು ಉಳಿಸಿತು.

ಇಂಗ್ಲೆಂಡಿನ ವಿಂಚೆಸ್ಟರ್ ಪಟ್ಟಣದ ಪುರಾತನ ಚರ್ಚಿನ ಕಥೆ ಇದಕ್ಕಿಂತಲೂ ಹೃದಯಸ್ಪರ್ಶಿಯಾದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಗೋಡೆಗಳು ಬಿರಿದು ವಾಲತೊಡಗಿದವು. ಅಗೆದು ನೋಡಿದರೆ ಅಡಿಪಾಯದ ಕೆಳಗೆ ಕೊಳೆತ ಸಸ್ಯಗಳ ಮೆತ್ತನೆಯ ಪದರ; ಅದರ ಕೆಳಗೆ ಗಟ್ಟಿಯಾದ ಜಲ್ಲಿನೆಲ. ಗುಂಡಿ ತೋಡಿದೊಡನೆ ನೀರು ತುಂಬುತ್ತಿತ್ತು. ಪಂಪು ಹಚ್ಚಿ ಎತ್ತಿದರೆ ನೀರಿನೊಡನೆ ಮಣ್ಣೂ ಬಂದು ಗೋಡೆ ಕುಸಿಯುವ ಭಯ. ಆಗ ಫ್ರಾನ್ಸಿಸ್ ಫಾಕ್ಸ್ ಎಂಬ ಇಂಜಿನಿಯರು ವಿಲಿಯಂ ವಾಕರ್ ಎಂಬ ಮುಳುಗುಗಾರನನ್ನು ಕರೆಸಿದನು. 1906ರಿಂದ 1911ರವರೆಗೆ ವಾಕರನು ಭಾರವಾದ ಉಡುಪು ತೊಟ್ಟು, ಆರು ಮೀಟರಿನಷ್ಟು ಆಳದ ಕದಡಿದ ನೀರಿನಲ್ಲಿ, ಕಣ್ಣಿಗೆ ಏನೂ ಕಾಣದ ಕತ್ತಲೆಯಲ್ಲಿ ಕೈಯಿಂದ ತಡವಿ ತಡವಿ ಕೆಲಸ ಮಾಡಿದನು. ಮೆತ್ತನೆಯ ಪದರವನ್ನು ತೆಗೆದು, ಕಾಂಕ್ರೀಟಿನ ಚೀಲಗಳನ್ನು ತಳದಲ್ಲಿ ಜೋಡಿಸಿ ನೀರಿನ ಬಾಯಿ ಮುಚ್ಚಿದನು; ಆ ಬಳಿಕ ನೀರನ್ನು ಎತ್ತಿ ಗೌಂಡಿಗಳು ಮೇಲಿನ ಕಟ್ಟಡ ಕಟ್ಟಿದರು. ಆ ಕೆಲಸಕ್ಕೆ ಸುಮಾರು 25,000 ಚೀಲ ಕಾಂಕ್ರೀಟು, ಸುಮಾರು 9 ಲಕ್ಷ ಇಟ್ಟಿಗೆಗಳು ಹಿಡಿದವು. ಚರ್ಚು ಇಂದಿಗೂ ನಿಂತಿದೆ. 1964ರಲ್ಲಿ ವಾಕರನ ಸ್ಮರಣೆಗಾಗಿ ಅಲ್ಲಿ ಒಂದು ಪ್ರತಿಮೆಯನ್ನಿಟ್ಟರು. ಆದರೆ ಶಿಲ್ಪಿಗೆ ಛಾಯಾಚಿತ್ರ ಅದಲುಬದಲಾಗಿ, ಪ್ರತಿಮೆಗೆ ಬಂದುದು ಇಂಜಿನಿಯರ್ ಫಾಕ್ಸನ ಮುಖ! 2001ರಲ್ಲಿ ಆ ತಪ್ಪನ್ನು ತಿದ್ದಿ ಬೇರೆ ಪ್ರತಿಮೆಯನ್ನು ಸ್ಥಾಪಿಸಿದರು. ತಳದಲ್ಲಿ ದುಡಿದವನ ಮುಖ ಜನರಿಗೆ ತಿಳಿಯಲು ಅಷ್ಟು ಕಾಲ ಬೇಕಾಯಿತು.

ನಮ್ಮ ನಾಡಿನಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ವಿಜಯಪುರದ ಗೋಲಗುಮ್ಮಟವನ್ನು ನೀವು ನೋಡಿರಬಹುದು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿಯದು. ಒಳಗೆ ಸುಮಾರು 38 ಮೀಟರು ಅಗಲದ ಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದೆ ಗೋಡೆಗಳೇ ಹೊತ್ತಿವೆ. ಪಿಸುಮಾತಿನ ಪ್ರತಿಧ್ವನಿಯನ್ನು ಕೇಳಿ ಎಲ್ಲರೂ ಬೆರಗಾಗುತ್ತಾರೆ. ಆದರೆ ಆ ಗೋಡೆಗಳು ನೆಲದಡಿಯ ಬಂಡೆಯ ಮೇಲೆಯೇ ನಿಂತಿವೆ, ಆದುದರಿಂದಲೇ ಅಷ್ಟು ಭಾರ ಒಂದು ಬದಿಗೆ ಕುಸಿಯದೆ ಉಳಿದಿದೆ ಎಂಬುದನ್ನು ನೆನೆಯುವವರು ಎಷ್ಟು ಮಂದಿ?

ನಮ್ಮ ಮನೆಯ ಕೆಲಸ ಮುಗಿದ ಮೇಲೆ ಕಾಕಾ ಒಂದು ವರ್ಷ ಬಿರುಕನ್ನು ತುಂಬಗೊಡಲಿಲ್ಲ. ಹೊಸ ಗಾಜಿನ ಪಟ್ಟಿಯೊಂದನ್ನು ಅಂಟಿಸಿ, “ಒಂದು ಬ್ಯಾಸಗಿ, ಒಂದು ಮಳಿಗಾಲ ನೋಡ್ರಿ” ಎಂದು ಹೋದರು. ಬೇಸಗೆ ಕಳೆಯಿತು, ಮಳೆಗಾಲ ಕಳೆಯಿತು, ಗಾಜು ಸೀಳಲಿಲ್ಲ. ಆಗ ಬಂದು ತಮ್ಮ ಕೈಯಾರೆ ಬಿರುಕನ್ನು ಮುಚ್ಚಿದರು. ಕೂಲಿ ಕೊಡುವಾಗ ನಾನು ತಡೆಯಲಾರದೆ, “ಕಾಕಾ, ಅಂದು ನಿಮ್ಮ ಮಾತು ಕೇಳದೆ ತಪ್ಪು ಮಾಡಿದೆ. ನೀವು ಒಂದು ಮಾತೂ ಆಡಲಿಲ್ಲ” ಎಂದೆ. ಅವರು ಕೈಗೆ ಹತ್ತಿದ ಸಿಮೆಂಟನ್ನು ಒರೆಸಿಕೊಳ್ಳುತ್ತ, “ಬಿರುಕು ಬಿಟ್ಟಾಗ ಬೈದರ ಗ್ವಾಡಿ ಕೂಡತೈತೇನ್ರಿ?” ಎಂದರು.

ಕಾಕಾ ಈಗ ಇಲ್ಲ, ಅವ್ವನೂ ಇಲ್ಲ. ಮನೆ ಇದೆ. ಹಿತ್ತಲಿನ ತುದಿಯಲ್ಲಿ ಅವ್ವ ನೆಟ್ಟ ಮರವೂ ಇದೆ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ನಾನು ಮನೆಯ ಸುತ್ತ ಒಂದು ಸುತ್ತು ಬರುತ್ತೇನೆ. ಗಟಾರು ನೋಡುತ್ತೇನೆ, ಗೋಡೆಯ ಬುಡ ನೋಡುತ್ತೇನೆ. ಆ ಎರಡು ಅಲಂಕಾರದ ಕಂಬಗಳೂ ಇವೆ. ಬಂದವರು ಈಗಲೂ ಅವುಗಳನ್ನೇ ಹೊಗಳುತ್ತಾರೆ. ನಾನು ಮಾತ್ರ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು, ಗೋಡೆಯ ಮೇಲೆ ಇನ್ನೂ ಅಂಟಿಕೊಂಡಿರುವ ಒಂದು ಚಿಕ್ಕ ಗಾಜಿನ ಪಟ್ಟಿಯನ್ನು ತೋರಿಸುತ್ತೇನೆ.

ಪದಗಳ ಅರ್ಥ

ಎರೆ – ಕಪ್ಪು ಜೇಡಿಮಣ್ಣು. ಗರಸು – ಎರೆಮಣ್ಣಿನ ಕೆಳಗೆ ಸಿಗುವ ಗಟ್ಟಿಯಾದ ಕಲ್ಲುಮಿಶ್ರಿತ ಮಣ್ಣು. ಗೌಂಡಿ – ಕಲ್ಲು, ಇಟ್ಟಿಗೆ, ಗಾರೆಯ ಕೆಲಸ ಮಾಡುವವನು. ಗಿಲಾವು – ಗೋಡೆಗೆ ಮೆತ್ತುವ ಗಾರೆ. ರಸಮಟ್ಟ – ಮಟ್ಟವನ್ನು ನೋಡುವ ಸಾಧನ. ದಿಮ್ಮಸು – ನೆಲವನ್ನು ಬಡಿದು ಗಟ್ಟಿಮಾಡುವ ಸಾಧನ. ಊರೆಗೋಲು – ಆಧಾರವಾಗಿ ಕೊಡುವ ಕಂಬ. ತೆರಪು – ಖಾಲಿ ಜಾಗ. ಇರಿಚಲು – ಗಾಳಿಗೆ ಒಳಗೆ ಹೊಡೆಯುವ ಮಳೆಹನಿ. ಹಳಕು – ಕಳಚಿದ ತುಂಡು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ:
1. ಅಡಿಪಾಯದಲ್ಲಿ ಉಳಿಸಿದ ಹಣವನ್ನು ಲೇಖಕರು ಯಾವುದಕ್ಕೆ ಬಳಸಿದರು?
2. ಎರೆಮಣ್ಣು ಉಬ್ಬಲು ಕಾರಣವಾದ ಖನಿಜ ಯಾವುದು?
3. ಗೋಲಗುಮ್ಮಟದ ಗೋಡೆಗಳು ಯಾವುದರ ಮೇಲೆ ನಿಂತಿವೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ:
1. ಬಿರುಕು ಬೆಳೆಯುತ್ತಿದೆಯೇ ಎಂಬುದನ್ನು ಗೌಂಡಿ ಕಾಕಾ ಹೇಗೆ ಪರೀಕ್ಷಿಸಿದರು?
2. ಲೇಖಕರು ಬಿರುಕಿಗೆ ಸಿಮೆಂಟು ತುಂಬಿದುದು ಏಕೆ ಪ್ರಯೋಜನವಾಗಲಿಲ್ಲ?
3. ಪಡಸಾಲೆಯ ನೆಲ ಕುಸಿದುದಕ್ಕೂ ಹಿಂದಿನ ಗೋಡೆ ಬಿರಿದುದಕ್ಕೂ ಇದ್ದ ಕಾರಣಗಳನ್ನು ಹೋಲಿಸಿ.

ಇ) ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿ:
1. “ಗ್ವಾಡಿಗೆ ಬಣ್ಣಾ ಹಚ್ಚಿದರ ರೋಗ ಹೋಗೂದಿಲ್ಲೊ.”
2. “ಬಿರುಕು ಬಿಟ್ಟಾಗ ಬೈದರ ಗ್ವಾಡಿ ಕೂಡತೈತೇನ್ರಿ?”

ಈ) ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿ: ಮಳೆಗಾಲ, ಮನೆಯನ್ನು, ನೆಲವನ್ನು.

ಉ) ಮಾಡಿ ನೋಡಿ: ನಿಮ್ಮ ಮನೆಯ ಅಥವಾ ಶಾಲೆಯ ಸುತ್ತ ಹಿರಿಯರೊಡನೆ ಒಂದು ಸುತ್ತು ಬಂದು, ಮಳೆಯ ನೀರು ಎಲ್ಲಿ ಬಿದ್ದು ಎತ್ತ ಹರಿಯುತ್ತದೆ ಎಂಬುದರ ನಕ್ಷೆ ಬರೆಯಿರಿ. ಗೋಡೆಯ ಬುಡದಲ್ಲಿ ನೀರು ನಿಲ್ಲುವ ಜಾಗಗಳಿದ್ದರೆ ಗುರುತಿಸಿ.